ಹೊಟ್ಟೆ ತೊಗಲಿನ ಪಟ್ಟಿ

ಮಾಹೀಮಿನಲ್ಲಿ ಹತ್ತಿದಾಗ ಸಾಯಬಣ್ಣನಿಗೆ ಕೂರಲು ಜಾಗ ಸಿಕ್ಕಿತು. ಅದನ್ನೇ ಅವನಿಗೆ ಸಹಿಸಲಾಗಲಿಲ್ಲ. ಭಾನುವಾರ ಬೆಳಗಿನ ಲೋಕಲ್, ಡಬ್ಬಿಯಲ್ಲಿ ಹತ್ತು ಜನವೂ ಇರಲಿಲ್ಲ, ಉದ್ದನೆಯ ಬೆಂಚು ಖಾಲಿ ಬಿದ್ದಿತ್ತು. ಬೇರೆ ದಿನವಾಗಿದ್ದರೆ ನಾಲ್ಕು ಜನರ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದವು, ಯಾರದೋ ಬೆವರು ಕತ್ತಿಗೆ ಹತ್ತುತ್ತಿತ್ತು, ಕಾಲು ತುಳಿದವನ ಅವ್ವನನ್ನು ಬೈದು ಎದೆ ಹಗುರ ಮಾಡಿಕೊಳ್ಳಬಹುದಿತ್ತು. ಇವತ್ತು ಯಾರೂ ಅವನನ್ನು ಮುಟ್ಟಲಿಲ್ಲ. ಅವನು ಬಾಗಿಲ ಹತ್ತಿರದ ಕಂಬ ಹಿಡಿದು ನಿಂತೇ ಇದ್ದ. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಹೊಸ ಪಟ್ಟಿ. ಅಂಗಿಯ ಒಳಗೆ, ಮೈಗೆ ಅಂಟಿಕೊಂಡಂತೆ, ನಿನ್ನೆಯ ಹಳೆಯ ಪಟ್ಟಿ. ಹೊಸದು ಬೆನ್ನಿನ ತೊಗಲು, ಹಳೆಯದು ಹೊಟ್ಟೆಯ ತೊಗಲು. ಈ ಒಂದು ಮಾತು ಸದ್ಯಕ್ಕೆ ಜಗತ್ತಿನಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಅವನು ತಿಳಿದಿದ್ದ.

ಎಮ್ಮೆಯ ತೊಗಲನ್ನು ಹದ ಮಾಡಿ ನೆಲಕ್ಕೆ ಹಾಸಿದಾಗ ನಡುವಿನದು ಬೆನ್ನು, ಅಂಚಿನದು ಹೊಟ್ಟೆ. ಬೆನ್ನನ್ನು ಎಳೆದರೆ ಎಳೆದವನ ಕೈ ನೋಯಬೇಕೇ ಹೊರತು ಅದು ಜಗ್ಗುವುದಿಲ್ಲ. ಹೊಟ್ಟೆ ಹಾಗಲ್ಲ; ಜೀವ ಇದ್ದಾಗ ಮೇವು ತಿಂದು, ನೀರು ಕುಡಿದು, ಕರು ಹೊತ್ತು ಹಿಗ್ಗಿ ಕುಗ್ಗಿದ ತೊಗಲು ಸತ್ತ ಮೇಲೂ ಆ ಚಾಳಿ ಬಿಡುವುದಿಲ್ಲ. ಚೀಲದ ಒಳಮೈಗೆ, ಚಪ್ಪಲಿಯ ಅಸ್ತರಿಗೆ ಅದು ನಡೆಯುತ್ತದೆ. ಬಿಗಿದು ಹಿಡಿಯುವ ಕೆಲಸಕ್ಕೆ ಅದನ್ನು ಹಾಕುವವನು ಒಂದೋ ಕೆಲಸ ಬಾರದವನು, ಇಲ್ಲವೇ ಕಳ್ಳ. ಸಾಯಬಣ್ಣನಿಗೆ ಕೆಲಸ ಬರುತ್ತಿತ್ತು. ಧಾರಾವಿಯ ಆ ಕತ್ತಲೆ ಗಾಳಾದಲ್ಲಿ, ತೊಗಲಿನ ಕೆಲಸದ ಆ ಇಕ್ಕಟ್ಟು ಕೋಣೆಯಲ್ಲಿ, ಇಪ್ಪತ್ತು ವರ್ಷ ಕುಕ್ಕರುಗಾಲಿನಲ್ಲಿ ಕೂತು ಕಲಿತ ಕೆಲಸ. ಮೇಣ ಹಚ್ಚಿ, ಬಾಟಲಿಯ ತಳದಿಂದ ಉಜ್ಜಿ ಉಜ್ಜಿ, ಹೊಟ್ಟೆಯ ತೊಗಲಿಗೆ ಬೆನ್ನಿನ ಹೊಳಪು ತಂದಿದ್ದ. ಕಣ್ಣಿಗೆ ಗೊತ್ತಾಗುವಂತಿರಲಿಲ್ಲ. ಹೆಬ್ಬೆರಳಿಗೆ ಗೊತ್ತಾಗುತ್ತಿತ್ತು. ಕೈಯಲ್ಲಿ ಹಿಡಿದು ಒಮ್ಮೆ ಬಗ್ಗಿಸಿದ್ದರೆ ಕಸಬು ಅರಿಯದವನಿಗೂ ಇದೇನೋ ಮೆತ್ತಗಿದೆ ಅನ್ನಿಸುತ್ತಿತ್ತು. ಆದರೆ ಚನ್ನಬಸಯ್ಯ ಹಿಡಿಯಲಿಲ್ಲ. ಹಿಡಿಯುವುದಿಲ್ಲ ಎಂಬುದು ಸಾಯಬಣ್ಣನಿಗೆ ಮೊದಲೇ ಗೊತ್ತಿತ್ತು.

ಚನ್ನಬಸಯ್ಯ ಸಾಂತಾಕ್ರೂಜಿನಲ್ಲಿ ಕೆರ್ಸಿ ಸಾಹೇಬರ ಗ್ಯಾರೇಜಿನ ಮ್ಯಾನೇಜರ್. ಧಾರವಾಡದ ಕಡೆಯ ಅಯ್ಯನವರು, ಮುಲುಂಡಿನಲ್ಲಿ ಮನೆ, ಹಣೆಯ ಮೇಲೆ ದಿನಾ ಹೊಸ ವಿಭೂತಿ. ಅದೇ ಗ್ಯಾರೇಜಿನಲ್ಲಿ ಕಾರು ತೊಳೆದು ನಟ್ಟು ಬಿಗಿಯುತ್ತಿದ್ದವನು ಸಾಯಬಣ್ಣನ ಹೆಂಡತಿ ಹಾಲವ್ವನ ತಮ್ಮ ನಿಂಗಣ್ಣ. ರೇಸಿನ ಕಾರಿನ ಬಾನೆಟ್ಟಿಗೆ ತೊಗಲಿನ ಪಟ್ಟಿ ಬೇಕಂತೆ ಮಾಂವಾ, ನೀ ಬಾ ಎಂದು ಅವನೇ ಕರೆದೊಯ್ದಿದ್ದ. ಆ ದಿನ ಗ್ಯಾರೇಜಿನ ಒಳಗಿಂದ ಕನ್ನಡ ಕೇಳಿಸಿದಾಗ ಸಾಯಬಣ್ಣನಿಗೆ ಎಷ್ಟು ಖುಷಿಯಾಗಿತ್ತೆಂದರೆ, ನೆನೆದರೆ ಈಗ ನಾಚಿಕೆ ಬರುತ್ತದೆ. ನೆಂಟರನ್ನು ಕಂಡವರ ಹಾಗೆ ಹಲ್ಲು ಕಿರಿದು ನಿಂತಿದ್ದ. ಚನ್ನಬಸಯ್ಯನೂ ನಕ್ಕಿದ್ದ, ಚಹಾ ತರಿಸಿದ್ದ, ಕಪ್ಪನ್ನು ಕೈಯಾರೆ ಮುಂದೆ ಚಾಚಿದ್ದ. ಚಾಚಿದ ಕೈ ಹಾಗೇ ಇದ್ದಾಗ ಕೇಳಿದ:

“ಯಾವೂರು ನಿಂದು?”

“ಇಂಡಿ ಕಡೆ ರೀ, ಅಯ್ಯನೋರ.”

“ಊರಾಗ ಮನಿ ಎಲ್ಲಿ ಬರತೈತಿ? ಅಗಸಿ ಒಳಗೋ, ಹೊರಗೋ?”

ಇಪ್ಪತ್ತು ವರ್ಷ ಈ ಮುಂಬಯಿಯಲ್ಲಿ ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ. ಭಯ್ಯಾಗಳು ಬೈದಿದ್ದರು, ಮರಾಠಿಯವರು ಗುದ್ದಿದ್ದರು, ಪೊಲೀಸರು ಲಾಠಿಯಲ್ಲಿ ಕುಂಡೆಗೆ ಹೊಡೆದು ಫುಟ್‌ಪಾತಿನಿಂದ ಎಬ್ಬಿಸಿದ್ದರು. ಊರಬಾಗಿಲ ಅಗಸೆಯ, ಅದರ ಹೊರಗಿನ ಕೇರಿಯ ಸುದ್ದಿ ಯಾರಿಗೂ ಬೇಕಿರಲಿಲ್ಲ. ಅದನ್ನು ಕೇಳಬೇಕಾದರೆ ಕನ್ನಡ ಬೇಕು. “ಹೊರಗ ರೀ,” ಎಂದ. ಚಾಚಿದ ಕೈ ಅವಸರವೇನೂ ಮಾಡಲಿಲ್ಲ; ಮೆಲ್ಲಗೆ ಪಕ್ಕಕ್ಕೆ ತಿರುಗಿ ಕಪ್ಪನ್ನು ಒಂದು ಹಳೆಯ ಟೈರಿನ ಮೇಲೆ ಇಟ್ಟಿತು. ನಿಂಗಣ್ಣ ಬಗ್ಗಿ ಏನೋ ನಟ್ಟು ಹುಡುಕುವವನಂತೆ ನೆಲ ನೋಡುತ್ತಿದ್ದ. ಸಾಯಬಣ್ಣ ಆ ಚಹಾ ಕುಡಿದ. ಅದು ಅವನನ್ನು ಇನ್ನೂ ಕಾಡುತ್ತಿದೆ. ಚೆಲ್ಲಬಹುದಿತ್ತು, ಬಿಟ್ಟು ಬರಬಹುದಿತ್ತು, ಆ ಬಿಸಿ ಚಹಾವನ್ನು ವಿಭೂತಿಯ ಮೇಲೆ ಎರಚಬಹುದಿತ್ತು. ಸಕ್ಕರೆ ಜಾಸ್ತಿ ಇತ್ತು, ಚೆನ್ನಾಗಿತ್ತು, ಕೊನೆಯ ಗುಟುಕಿನವರೆಗೂ ಕುಡಿದ. ಖಾರ್ ದಾಟಿದ ರೈಲು ಅಲುಗಾಡುತ್ತಿದ್ದಾಗ ಅವನ ಕೈ ಕಂಕುಳಲ್ಲಿದ್ದ ಪಟ್ಟಿಯನ್ನು ಹಿಂಡುತ್ತಿತ್ತು. ಅದು ಚನ್ನಬಸಯ್ಯನ ಕೊರಳ ಸುತ್ತ ಎರಡು ಸುತ್ತು ಬರುವಷ್ಟು ಉದ್ದವಿದೆ ಎಂದು ಲೆಕ್ಕ ಹಾಕಿದ. ಲೆಕ್ಕ ಹಾಕಿ ಸುಖಪಟ್ಟ.

ಪಟ್ಟಿ ಒಪ್ಪಿಸುವ ದಿನ ಗೋಣಿಚೀಲದ ಮೇಲೆ ಇಡು ಅಂದಿದ್ದ ಚನ್ನಬಸಯ್ಯ. ಗ್ಯಾರೇಜಿಗೆ ಬಂದ ಒಂದೊಂದು ಸಾಮಾನನ್ನೂ ಅವನು ಕೈಯಲ್ಲಿ ಹಿಡಿದು ಪರೀಕ್ಷೆ ಮಾಡುತ್ತಿದ್ದ. ಬೋಲ್ಟಿನ ಹಲ್ಲಿಗೆ ಉಗುರು ಎಳೆದು ನೋಡುತ್ತಿದ್ದ, ರಬ್ಬರನ್ನು ಕಿವಿಯ ಹತ್ತಿರ ತಂದು ಜಗ್ಗುತ್ತಿದ್ದ, ಪೆಟ್ರೋಲನ್ನು ಮೂಸುತ್ತಿದ್ದ. ಅಂಥ ಕೈ ಅವನದು, ಸಾಹೇಬರು ಅದಕ್ಕೇ ಅವನನ್ನು ಇಟ್ಟುಕೊಂಡಿದ್ದರು. ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ, ಎರಡು ಮೊಳ ದೂರದಿಂದ ಪಟ್ಟಿಯ ಹೊಳಪು ನೋಡಿ, “ಛಂದ ಐತಿ” ಎಂದ. ಆಮೇಲೆ ನಿಂಗಣ್ಣನಿಗೆ ಒಳಗಿಡಲು ಹೇಳಿದ. ಅಂದು ವಾಪಸಾಗುವಾಗ ಸಾಯಬಣ್ಣ ರೈಲಿನಲ್ಲಿ ನಕ್ಕ. ಒಬ್ಬನೇ, ಗಟ್ಟಿಯಾಗಿ, ಪಕ್ಕದವರು ತಿರುಗಿ ನೋಡುವಂತೆ ನಕ್ಕ. ಮನೆಗೆ ಬಂದ ಮೇಲೂ ನಗು ನಿಲ್ಲಲಿಲ್ಲ. ಊಟಕ್ಕೆ ಬಂದಿದ್ದ ನಿಂಗಣ್ಣನ ಬೆನ್ನಿಗೆ ಗುದ್ದಿ ನಕ್ಕ, ಹಾಲವ್ವ ಹುಚ್ಚು ಹಿಡಿಯಿತೇನು ಎಂದಳು. ಬೆನ್ನಿನ ತೊಗಲು ಇಲ್ಲವೇ ಇಲ್ಲ, ಇದ್ದ ಒಂದು ಪಟ್ಟಿ ದುರಗವ್ವನ ಹರಕೆಗೆ ಎತ್ತಿಟ್ಟದ್ದು, ಅದಕ್ಕೇ ಹೊಟ್ಟೆಯದು ಹಾಕಿದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅದೂ ಸುಳ್ಳಲ್ಲ. ಕಾರಿನ ಒಳಗೆ ಉಕ್ಕಿನ ಕೊಂಡಿ ಇರುತ್ತದೆ, ಮೇಲಿನ ಪಟ್ಟಿ ಬರೀ ಶೋಕಿಗೆ ಎಂದೂ ಹೇಳಿಕೊಂಡಿದ್ದ. ಅದು ಮಾತ್ರ ಸುಳ್ಳು. ಅದೇ ಊಟದ ಹೊತ್ತಿಗೆ ನಿಂಗಣ್ಣ ರೊಟ್ಟಿ ಮುರಿಯುತ್ತ, ಭಾರ ಕಡಿಮೆಯಾಗಲೆಂದು ಸಾಹೇಬರು ಒಳಗಿನ ಕೊಂಡಿ ಬಿಚ್ಚಿಸಿದ್ದಾರೆ, ಇನ್ನು ಪಟ್ಟಿಯೇ ಗತಿ ಎಂದಿದ್ದ. ಕೇಳಿಸಲಿಲ್ಲ ಎಂದು ಸಾಯಬಣ್ಣ ಒಂದು ವಾರ ಅಂದುಕೊಂಡ. ಕೇಳಿಸಿತ್ತು.

ರೇಸು ಎರಡು. ಶನಿವಾರ ಹತ್ತು ಸುತ್ತಿನದು, ಭಾನುವಾರ ಇಪ್ಪತ್ತು ಸುತ್ತಿನದು. ಜುಹುವಿನ ಹಳೆಯ ವಿಮಾನದ ಮೈದಾನದ ಮೇಲೆ. ಇಬ್ಬರೇ ಕೂತು ದೂರದ ದೇಶಗಳಿಗೆ ಜೋರಾಗಿ ಹೋಗಲೆಂದು ಮಾಡಿದ ಶೋಕಿಯ ಕಾರುಗಳು, ಒಟ್ಟು ಹನ್ನೊಂದು. ಕೆರ್ಸಿ ಸಾಹೇಬರದು ಇಟಲಿಯಿಂದ ಹಡಗಿನಲ್ಲಿ ಬಂದ ಹಸಿರು ಕಾರು, ಅದರ ಕುಂಡೆಯ ಮೇಲೆ ಬೆಳ್ಳಿಯ ಬಣ್ಣದಲ್ಲಿ ಜಿ.ಟಿ. ಎಂಬ ಎರಡು ಅಕ್ಷರ. ನಿನ್ನೆ ಸಾಯಬಣ್ಣ ತನ್ನ ಕೈಕೆಲಸ ನೋಡಲು ಹೋಗಿದ್ದ. ಹಗ್ಗದ ಆಚೆ ನಿಂತು ಕಡಲೆಕಾಯಿ ಕೊಂಡಿದ್ದ. ಐದು ಸುತ್ತು ಆ ಕಾರು ಎಲ್ಲರಿಗಿಂತ ಮುಂದಿತ್ತು, ಕಿವಿ ಹರಿಯುವಂತೆ ಒದರಿ ದಾಟಿ ಹೋಗುವಾಗ ಬಾನೆಟ್ಟಿನ ಮೇಲೆ ಅಡ್ಡಲಾಗಿ ಪಟ್ಟಿ ಫಳಕ್ಕೆಂದು ಹೊಳೆಯುತ್ತಿತ್ತು. ಆರನೆಯ ಸುತ್ತಿನಲ್ಲಿ ಬಾನೆಟ್ಟು ಒಂದು ಬೆರಳು ಮೇಲೆದ್ದು ನಡುಗಿದ್ದನ್ನು ಅವನು ಕಂಡ. ಬೇರೆ ಯಾರೂ ಕಾಣಲಿಲ್ಲ. ಎಂಜಿನ್ನಿನ ಕಾವಿಗೆ ತೊಗಲು ಹಿಗ್ಗುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಕೂಗಬೇಕೆಂದುಕೊಂಡ, ಏನೆಂದು ಕೂಗುವುದು ಹೊಳೆಯಲಿಲ್ಲ. ಏಳನೆಯ ಸುತ್ತಿನಲ್ಲಿ ಬಾನೆಟ್ಟು ಹಿಂದಕ್ಕೆ ಎಗರಿ ಗಾಜನ್ನು ಪುಡಿ ಮಾಡಿತು, ಕಾರು ಮೂರು ಸಲ ಗಿರ್ರನೆ ತಿರುಗಿ ಹುಲ್ಲಿನ ಪೆಂಡಿಗಳನ್ನು ಸೀಳಿಕೊಂಡು ನಿಂತಿತು. ಜನ ಹಬ್ಬದಲ್ಲಿ ಕೂಗುವ ಹಾಗೆ ಕೂಗಿದರು.

ಕೆರ್ಸಿ ಸಾಹೇಬ ಬಾಗಿಲು ಒದ್ದು ಹೊರಗೆ ಬಂದ. ಹಣೆಯಿಂದ ಇಳಿದ ರಕ್ತ ಬಿಳಿಯ ಅಂಗಿಯನ್ನು ಸೊಂಟದವರೆಗೂ ತೋಯಿಸಿತ್ತು. ಪಟ್ಟಿ ಹರಿದಿರಲಿಲ್ಲ, ಬಕಲ್ಲಿನಿಂದ ಕಳಚಿ, ಇಡಿಯಾಗಿ, ಒಂದು ಬದಿಗೆ ಜೋತಾಡುತ್ತಿತ್ತು. ಹರಿಯದ ಪಟ್ಟಿ ಕಳಚಿದೆ ಎಂದರೆ ಕಟ್ಟಿದವನು ಸರಿಯಾಗಿ ಕಟ್ಟಿಲ್ಲ. ಅಷ್ಟು ಸರಳ. ಬೆಳಿಗ್ಗೆ ಕಟ್ಟಿದವನು ನಿಂಗಣ್ಣ. ಸಾಹೇಬ ಜಾಕಿನ ರಾಡು ಎತ್ತಿಕೊಂಡ. ಮೊದಲ ಏಟು ನಿಂಗಣ್ಣನ ಭುಜಕ್ಕೆ ಬಿತ್ತು, ಎರಡನೆಯದು ಮುಖಕ್ಕೆ ಅಡ್ಡ ಹಿಡಿದ ಬಲಗೈಗೆ. ಆ ಎರಡನೆಯ ಸದ್ದು ಹಸಿ ಕಬ್ಬು ಮುರಿದಂತಿತ್ತು. ಬಿದ್ದವನನ್ನು ಇನ್ನಿಬ್ಬರು ಮೆಕ್ಯಾನಿಕರು ಬೂಟುಗಾಲಿನಿಂದ ಒದ್ದರು. “ಕಟ್ಟೀನ್ರಿ ಸಾಬ್! ಎರಡ ಸಲ ನೋಡಿ ಕಟ್ಟೀನಿ! ಅವ್ವನ ಆಣಿ ರೀ!” ಎಂದು ನಿಂಗಣ್ಣ ಒದರುತ್ತಿದ್ದ. ಇಷ್ಟು ವರ್ಷ ಅಲ್ಲಿ ಹಿಂದಿ ಆಡಿದವನಿಗೆ ಏಟು ಬಿದ್ದ ಕೂಡಲೇ ಬಾಯಿಂದ ಬಂದದ್ದು ಕನ್ನಡ. ಆ ಗುಂಪಿನಲ್ಲಿ ಅದು ಅರ್ಥವಾಗುವ ಜನ ಇದ್ದದ್ದು ಇಬ್ಬರೇ, ಇಬ್ಬರೂ ಸುಮ್ಮನಿದ್ದರು. ಸಾಯಬಣ್ಣ ಹತ್ತು ಹೆಜ್ಜೆ ದೂರದಲ್ಲಿದ್ದ. ಅವನ ಕೈ ಕಡಲೆಕಾಯಿ ಸುಲಿಯುತ್ತಿತ್ತು, ಬಾಯಿ ಅಗಿಯುತ್ತಿತ್ತು. ಪೊಟ್ಟಣ ಖಾಲಿಯಾದ ಮೇಲೆಯೇ ತಾನು ತಿನ್ನುತ್ತಿದ್ದೆ ಎಂಬುದು ಅವನಿಗೆ ತಿಳಿದದ್ದು. ನಿಂಗಣ್ಣ ಮಾತ್ರ ಒಂದು ಸಲವೂ ಅವನ ಕಡೆ ನೋಡಲಿಲ್ಲ. ನೋವಿನಲ್ಲಿ ಎಲ್ಲಿ ನೋಡಿಯಾನು ಎಂದುಕೊಂಡ.

ಆಮೇಲೆ ಚನ್ನಬಸಯ್ಯ ಅವನನ್ನು ಗುರುತು ಹಿಡಿದು ಹತ್ತಿರ ಕರೆದ. “ನಾಳಿ ಹನ್ನೆರಡರೊಳಗ ಇನ್ನೊಂದ ಪಟ್ಟಿ ಬೇಕು. ಇದಕ್ಕ ಎಣ್ಣಿ ಬಡದೈತಿ. ನಿನ್ನ ಕೆಲಸಾ ಗಟ್ಟಿ ಐತಿ ಬಿಡು, ಎಲ್ಲೂ ಹರದಿಲ್ಲ. ನಿನ್ನ ಹೆಂಡ್ತಿ ತಮ್ಮಂದ ಲಫಡಾ ಇದು. ಎದುರಿನ ಕಾರಿನವರ ಕಡಿಂದ ಏನರ ರೊಕ್ಕಾ ತಿಂದ ಸಡಿಲ ಬಿಟ್ಟಾನ ಅಂತ ಸಾಹೇಬರು ಸೋಮವಾರ ಪೊಲೀಸ್ ಚೌಕಿಗೆ ಬರದು ಕೊಡಾವ್ರು.” ಹೊಗಳಿಸಿಕೊಂಡ ಸಾಯಬಣ್ಣ ಹ್ಞೂಂ ಎಂದ. ಚನ್ನಬಸಯ್ಯ ಇಕ್ಕಳದಿಂದ ಹಳೆಯ ಪಟ್ಟಿಯನ್ನು ಎತ್ತಿ ಕಸದ ಡ್ರಮ್ಮಿಗೆ ಹಾಕಿದ. ಎಲ್ಲರೂ ಅತ್ತ ಹೋದ ಮೇಲೆ ಸಾಯಬಣ್ಣ ಡ್ರಮ್ಮಿನಲ್ಲಿ ಕೈಯಾಡಿಸಿದ. ತಾನು ಉಳಿಯಿಂದ ಹೊಡೆದಿದ್ದ ದುಂಡನೆಯ ತೂತು ಗೋಧಿ ಕಾಳಿನಷ್ಟು ಉದ್ದಕ್ಕೆ ಬಾಯಿ ಬಿಟ್ಟಿತ್ತು. ಬಕಲ್ಲಿನ ನಾಲಗೆ ಅದರಿಂದ ಜಾರಿತ್ತು. ನಿಂಗಣ್ಣ ಕಟ್ಟಿದ್ದ, ಸರಿಯಾಗಿ ಕಟ್ಟಿದ್ದ. ಪಟ್ಟಿಯನ್ನು ಅಂಗಿಯೊಳಗೆ ತುರುಕಿಕೊಂಡು, ಕೈ ಮುರಿದವನನ್ನು ಟ್ಯಾಕ್ಸಿಗೆ ಹಾಕಿ ಸರಕಾರಿ ಆಸ್ಪತ್ರೆಗೆ ಕರೆದೊಯ್ದ. ದಾರಿಯುದ್ದಕ್ಕೂ ನಿಂಗಣ್ಣ ಕಣ್ಣು ಮುಚ್ಚಿಯೇ ಇದ್ದ.

ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರೆ ಗೋಡೆಯ ಮೇಲಿನ ದುರಗವ್ವನ ಪಟದ ಮುಂದೆ ಬೆನ್ನಿನ ತೊಗಲಿನ ಪಟ್ಟಿ ಅರಿಶಿನ ಬಳಿದುಕೊಂಡು ಮಲಗಿತ್ತು. ಹೋದ ವರ್ಷ ನಿಂಗಣ್ಣನ ಮೈತುಂಬ ಸಿಡುಬಿನ ಅಮ್ಮ ಎದ್ದಾಗ, ತಮ್ಮ ಉಳಿದರೆ ಇಡೀ ತೊಗಲಿನ ಬೆನ್ನು ಸೀಳಿ ಬಾರುಕೋಲು ಮಾಡಿಸಿ ಕೊಡುತ್ತೇನೆ ಎಂದು ಹಾಲವ್ವ ಬೇಡಿಕೊಂಡಿದ್ದಳು. ಅವ್ವನ ಪೆಟ್ಟಿಗೆ ಹೊತ್ತು ಬೀದಿಯಲ್ಲಿ ಮೈಗೆ ಬಾರಿಸಿಕೊಳ್ಳುವವನು ಬರುವ ಮಂಗಳವಾರ ಅದನ್ನು ಒಯ್ಯಲು ಬರುವವನಿದ್ದ. ಏಳು ದಿನ ತೊಗಲು ಅವ್ವನ ಮುಂದೆ ಇರಬೇಕು, ಆಮೇಲೆಯೇ ಅದಕ್ಕೆ ತೊಗಲು ಕೊಯ್ಯುವ ರಂಪಿಗೆ ತಾಕಬೇಕು. ಇನ್ನೂ ಮೂರು ದಿನ ಉಳಿದಿತ್ತು. ಸಾಯಬಣ್ಣ ರಂಪಿಗೆ ಕೈಗೆತ್ತಿಕೊಂಡದ್ದನ್ನು ಕಂಡು ಹಾಲವ್ವ ಪಟ್ಟಿಯ ಮೇಲೆ ಬಿದ್ದು ಎರಡೂ ಕೈಯಿಂದ ಅಮರಿ ಹಿಡಿದಳು.

“ಅವ್ವಂದೈತಿ ಅದು! ಕೈ ಹಚ್ಚಬ್ಯಾಡ!”

“ನಿನ್ನ ತಮ್ಮನ ಸಲುವಾಗೇ ಐತಿ. ನಾಳಿ ಪಟ್ಟಿ ಕೊಡಲಿಲ್ಲಂದ್ರ ಅವನ ಕತಿ ಮುಗೀತು.”

“ಹಳೇ ಪಟ್ಟಿ ಯಾಕ ಕಳಚ್ತು? ಅದನ್ನರ ಹೇಳು.”

“ಅವ ಬಕಲ್ ಸರೀ ಹಾಕಿಲ್ಲಂತ,” ಎಂದ ಸಾಯಬಣ್ಣ.

ಹೇಳಿದ ಮಾತು ತನ್ನ ಕಿವಿಗೆ ಬಿದ್ದಾಗ ಅವನಿಗೆ ತನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಆ ಸಿಟ್ಟಿನಲ್ಲಿ ಹಾಲವ್ವನ ಕೆನ್ನೆಗೆ ಬಾರಿಸಿದ. ಅವಳು ಹಿಂದಕ್ಕೆ ಬಿದ್ದು ತಲೆ ಗೋಡೆಗೆ ಬಡಿಯಿತು. ಅಳಲಿಲ್ಲ. ಎದ್ದು ಕೂತು ಅರಿಶಿನ ಹತ್ತಿದ ಕೈಗಳನ್ನು ನೋಡಿಕೊಂಡಳು. “ನಮ್ಮ ನಿಂಗ್ಯಾ ಹಂಗೆಲ್ಲ ಅರ್ಧಾ ಕೆಲಸಾ ಮಾಡಾಂವಲ್ಲ,” ಎಂದಳು, ಅವನಿಗೆ ಅಲ್ಲ, ಪಟಕ್ಕೆ. ಸಾಯಬಣ್ಣ ಬೆನ್ನು ತಿರುಗಿಸಿ ಕೂತು ಕೊಯ್ದ. ಇಪ್ಪತ್ತು ವರ್ಷದಲ್ಲಿ ಅಷ್ಟು ಒಳ್ಳೆಯ ಪಟ್ಟಿಯನ್ನು ಅವನು ಕೊಯ್ದಿರಲಿಲ್ಲ.

ಸಾಂತಾಕ್ರೂಜಿನಲ್ಲಿ ರೈಲು ಇಳಿದು ಜುಹುವಿನ ಕಡೆ ನಡೆದ. ಬಸ್ಸಿಗೆ ನಿಲ್ಲುವಷ್ಟು ತಾಳ್ಮೆ ಇರಲಿಲ್ಲ. ಮೈದಾನದಲ್ಲಿ ನಿನ್ನೆಗಿಂತ ದುಪ್ಪಟ್ಟು ಜನ. ನಿನ್ನೆ ರಕ್ತ ಬಂದಿತ್ತಲ್ಲ, ಇವತ್ತು ಇನ್ನೂ ಹೆಚ್ಚು ಬಂದೀತು ಎಂಬ ಆಸೆ ಒಬ್ಬೊಬ್ಬರ ಮುಖದ ಮೇಲೂ ಕಾಣುತ್ತಿತ್ತು. ಕಪ್ಪು ಕನ್ನಡಕದ ಹೆಂಗಸರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಮೈಕಿನ ಭೋಂಗಾದಲ್ಲಿ ಯಾರೋ ಇಂಗ್ಲೀಷಿನಲ್ಲಿ ಒದರುತ್ತಿದ್ದ. ಹಸಿರು ಕಾರಿನ ಬಾನೆಟ್ಟನ್ನು ಬಡಿದು ನೆಟ್ಟಗೆ ಮಾಡಿದ್ದರು. ಗಾಜು ಸಿಕ್ಕಿರಲಿಲ್ಲ, ಗಾಜಿಲ್ಲದೆಯೇ ಓಡಿಸುತ್ತೇನೆ ಎಂದು ಸಾಹೇಬ ಹಟ ಹಿಡಿದಿದ್ದ. ಹಣೆಗೆ ಬ್ಯಾಂಡೇಜು, ಕಣ್ಣಿಗೆ ದೊಡ್ಡ ಕನ್ನಡಕ. ಇವತ್ತು ಬಾನೆಟ್ಟು ಎಗರಿದರೆ ತಡೆಯಲು ಏನೂ ಇಲ್ಲ, ಕೊರಳಿಗೇ ಬರುತ್ತದೆ. ಹಗ್ಗದ ಹತ್ತಿರ, ಪ್ಲಾಸ್ಟರು ಹಾಕಿದ ಕೈಯನ್ನು ಸೀರೆಯ ತುಂಡಿನಲ್ಲಿ ಕೊರಳಿಗೆ ಕಟ್ಟಿಕೊಂಡು ನಿಂಗಣ್ಣ ನಿಂತಿದ್ದ. ಬರಬೇಡ ಎಂದಿದ್ದರೂ ಬಂದಿದ್ದ. ಬರದಿದ್ದರೆ ಓಡಿಹೋದ ಎನ್ನುತ್ತಾರೆ ಮಾಂವಾ ಎಂದ, ಊದಿದ ತುಟಿಯಲ್ಲಿ ಮಾತು ತೊದಲುತ್ತಿತ್ತು. ಸಾಯಬಣ್ಣ ಅವನ ಮುಖ ನೋಡದೆ ಕಾರಿನ ಕಡೆ ನಡೆದ. ಏನು ಮಾಡಬೇಕೆಂದು ಅವನು ರೈಲಿನಲ್ಲಿ ಗೊತ್ತು ಮಾಡಿಕೊಂಡು ಬಂದಿರಲಿಲ್ಲ. ಪಟ್ಟಿ ಕೊಟ್ಟು ಬಂದುಬಿಡುವ ಆಸೆಯೇ ಹೆಚ್ಚಿತ್ತು. ಚನ್ನಬಸಯ್ಯ ಅವನನ್ನು ಕಂಡು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದದಿಂದ ನೆಲ ತೋರಿಸಿದ.

“ಅಲ್ಲಿ ಇಡು.”

ನೆಲದ ಮೇಲೆ ಗೋಣಿಚೀಲ ಹಾಸಿತ್ತು. ಸಾಂತಾಕ್ರೂಜಿನಿಂದ ಇಲ್ಲಿಯವರೆಗೂ ಹೊತ್ತು ತಂದಿದ್ದರು ಅದನ್ನು. ಸಾಯಬಣ್ಣ ಪೇಪರು ಬಿಚ್ಚಿದ, ಗೋಣಿಯ ಮೇಲೆ ಪೇಪರು ಎಸೆದ, ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

“ಹಿಡದ ನೋಡ್ರಿ, ಅಯ್ಯನೋರ.”

“ನೋಡೀನಿ. ಇಡು.”

“ಕೈಯಾಗ ಹಿಡದ ನೋಡ್ರಿ. ಹಿಡೀಲಿಲ್ಲಂದ್ರ ನಾ ಕಟ್ಟೂದಿಲ್ಲ.”

“ಲೇ, ಟೈಮ್ ಆಗೇತಿ. ಸುಮ್ಮ ಇಡಲೇ ಅಲ್ಲೆ!”

ಚನ್ನಬಸಯ್ಯನ ದನಿ ಏರಿದ್ದು ಕೇಳಿ ಕೆರ್ಸಿ ಸಾಹೇಬ ತಿರುಗಿದ. ಕ್ಯಾ ಹೈ ಎಂದ. ಪಟ್ಟಿ ಎದುರಿಗೇ ಇದೆ, ಮ್ಯಾನೇಜರು ತೆಗೆದುಕೊಳ್ಳುತ್ತಿಲ್ಲ, ಇದೇನು ನಾಟಕ ಎಂಬುದು ಆ ಪಾರ್ಸಿ ಮನುಷ್ಯನಿಗೆ ತಿಳಿಯಲಿಲ್ಲ. “ಲೇ ಲೋ ನಾ, ಯಾರ್!” ತಗೋ ಎಂದು ಗದರಿದ. ಚನ್ನಬಸಯ್ಯನ ಕೈಗಳು ಬೆನ್ನ ಹಿಂದಿನಿಂದ ಒಂದೊಂದಾಗಿ ಮುಂದೆ ಬಂದವು. ಹಿಡಿದ. ಹಿಡಿದ ಮೇಲೆ ಆ ಕೈಗೆ ಅದರ ಅಭ್ಯಾಸ ತಪ್ಪಲಿಲ್ಲ. ಹೆಬ್ಬೆರಳು ತಾನಾಗಿ ತೊಗಲನ್ನು ಒತ್ತಿತು, ಬಗ್ಗಿಸಿತು, ಎಳೆದು ನೋಡಿತು. ಸಾಯಬಣ್ಣ ಆ ಮುಖವನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಆಮೇಲೆ ಅಂಗಿಯೊಳಗಿನಿಂದ ಹಳೆಯ ಪಟ್ಟಿಯನ್ನು ತೆಗೆದು ಅದನ್ನೂ ಆ ಕೈಯ ಮೇಲೆ ಇಟ್ಟ. ಚನ್ನಬಸಯ್ಯ ಅದನ್ನೂ ಒತ್ತಿದ. ಅವನ ವಿಭೂತಿಯ ಕೆಳಗೆ ಬೆವರು ಒಡೆಯಿತು.

“ಇದು ಬ್ಯಾರೇ ಐತಿ,” ಎಂದ, ಎದುರಿಗಿದ್ದವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಸಾಯಬಣ್ಣ ಸಾಹೇಬನಿಗೆ ತನಗೆ ಬರುವ ಹರಕು ಹಿಂದಿಯಲ್ಲಿ ಹೇಳಿದ. ನಿನ್ನೆಯದು ಹೊಟ್ಟೆಯ ತೊಗಲು. ನಾನೇ ಗೊತ್ತಿದ್ದೂ ಹಾಕಿದೆ. ತೂತು ನೋಡಿ, ಹಿಗ್ಗಿದೆ. ನಿಂಗಣ್ಣ ಸರಿಯಾಗಿ ಕಟ್ಟಿದ್ದ. ಸಾಹೇಬ ತೂತಿನಲ್ಲಿ ಬೆರಳಿಟ್ಟು ನೋಡಿದ. ಮ್ಯಾನೇಜರನ ಕಡೆ ತಿರುಗಿ, ನೀನು ಚೆಕ್ ಮಾಡಿದ್ದೆಯಲ್ಲ ಎಂದ. “ಕಿಯಾ ಥಾ, ಸಾಬ್,” ಎಂದ ಚನ್ನಬಸಯ್ಯ.

“ನಹೀ ಸಾಬ್. ಹಾಥ್ ನಹೀ ಲಗಾಯಾ,” ಎಂದ ಸಾಯಬಣ್ಣ.

“ಕ್ಯೂಂ? ಹಾಥ್ ಕ್ಯೂಂ ನಹೀ ಲಗಾಯಾ?”

ಯಾಕೆ ಮುಟ್ಟಲಿಲ್ಲ? ಆ ಪ್ರಶ್ನೆಗೆ ಉತ್ತರ ಇತ್ತು. ಅದನ್ನು ಅಲ್ಲಿ, ಆ ಹೆಂಗಸರು, ಭೋಂಗಾ, ಪೆಟ್ರೋಲಿನ ವಾಸನೆಯ ನಡುವೆ, ಇನ್ನೊಬ್ಬರ ಭಾಷೆಯಲ್ಲಿ ಹೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಚನ್ನಬಸಯ್ಯನಿಗೆ ನಾಚಿಕೆಯಾಗಿತ್ತು. ತನಗೇಕೆ ನಾಚಿಕೆಯಾಗಬೇಕು ಎಂದು ಸಾಯಬಣ್ಣನಿಗೆ ತಿಳಿಯಲಿಲ್ಲ, ಆದರೂ ಆಯಿತು. ಭೋಂಗಾ ಕಾರಿನ ನಂಬರು ಕೂಗಿತು. ಸಾಹೇಬನ ಬ್ಯಾಂಡೇಜಿನ ಮೇಲೆ ಕೆಂಪು ಹರಡುತ್ತಿತ್ತು. ಸಾಯಲಿದ್ದೆ ನಾನು ಎಂದು ಇಂಗ್ಲೀಷಿನಲ್ಲೋ ಗುಜರಾತಿಯಲ್ಲೋ ಕೂಗಿ, ಚನ್ನಬಸಯ್ಯನ ಕೈಯಿಂದ ಹೊಸ ಪಟ್ಟಿಯನ್ನು ಕಿತ್ತುಕೊಂಡ. ಏಟು ತಿನ್ನಲು ಎದುರಿಗೆ ಇಬ್ಬರಿದ್ದರು. ಒಬ್ಬ ಮ್ಯಾನೇಜರ್, ಇಸ್ತ್ರಿ ಮಾಡಿದ ಅಂಗಿಯವನು.

ಮೊದಲ ಏಟು ಸಾಯಬಣ್ಣನ ಭುಜದಿಂದ ಸೊಂಟದವರೆಗೆ ಬಿತ್ತು. ಅಂಗಿ ಸೀಳಿತು. ಬಕಲ್ಲು ಬೆನ್ನಿಗೆ ಕಚ್ಚಿ ಮಾಂಸದ ಒಂದು ಚೂರನ್ನು ಕಿತ್ತುಕೊಂಡೇ ಹೋಯಿತು. ಸಾಯಬಣ್ಣ ಬೀಳಲಿಲ್ಲ. ಎರಡು, ಮೂರು, ನಾಲ್ಕು. ಅವನಿಗೆ ನೋವಿಗಿಂತ ಮೊದಲು ತಿಳಿದದ್ದು ತೊಗಲು: ಎಷ್ಟು ಬಿಗಿ, ಒಂದು ಎಳೆಯೂ ಜಗ್ಗುತ್ತಿಲ್ಲ, ಪೂರ್ತಿ ಏಟನ್ನು ತಂದು ಮುಟ್ಟಿಸುತ್ತಿದೆ. ಐದನೆಯದಕ್ಕೆ ಮೊಣಕಾಲೂರಿದ. ಅರಿಶಿನದ ವಾಸನೆ ಮೂಗಿಗೆ ಬಂತು. ಕುರ್ಚಿಯ ಮೇಲಿನ ಒಬ್ಬ ಹೆಂಗಸು ಕನ್ನಡಕ ತೆಗೆದು ನೋಡಿದಳು. ಸಾಹೇಬ ದಣಿದು ನಿಲ್ಲಿಸಿದ, ಪಟ್ಟಿಯನ್ನು ಅವನ ಮುಂದೆ ಎಸೆದ. “ಬಾಂಧ್,” ಕಟ್ಟು ಎಂದ. ಆಮೇಲೆ ಹಗ್ಗದ ಬಳಿಯ ನಿಂಗಣ್ಣನ ಕಡೆ ಕೈ ಮಾಡಿ ಚನ್ನಬಸಯ್ಯನಿಗೆ, ಅವನನ್ನು ಬಿಟ್ಟುಬಿಡು, ಪೊಲೀಸು ಗಿಲೀಸು ಬೇಡ ಎಂದ. ಸಾಯಬಣ್ಣ ಎದ್ದು, ಪಟ್ಟಿ ಒರೆಸಿ, ಬಾನೆಟ್ಟಿನ ಮೇಲೆ ಎಳೆದು ಬಕಲ್ಲಿನ ನಾಲಗೆಯನ್ನು ಮೂರನೆಯ ತೂತಿಗೆ ಕೂರಿಸಿದ. ಎರಡು ಸಲ ನೋಡಿದ. ಚನ್ನಬಸಯ್ಯ ಹಳೆಯ ಪಟ್ಟಿಯನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ. ಎಲ್ಲಿ ಇಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ.

ಕಾರುಗಳು ಹೊರಟವು. ಸಾಯಬಣ್ಣ ಹಗ್ಗದ ಹತ್ತಿರ ಬಂದು ನಿಂಗಣ್ಣನ ಪಕ್ಕ ನಿಂತ. ಅಂಗಿ ಬೆನ್ನಿಗೆ ಅಂಟಿತ್ತು, ಉಸಿರೆಳೆದಾಗ ಉರಿಯುತ್ತಿತ್ತು. ಹಸಿರು ಕಾರು ಮೊದಲ ಸಲ ದಾಟಿ ಹೋದಾಗ ಪಟ್ಟಿ ಹರಿಯಲಿ ಎಂದು ಅವನ ಅರ್ಧ ಜೀವ ಬೇಡಿತು. ಬಾನೆಟ್ಟು ಎಗರಲಿ, ಆ ಕೊರಳು ಕತ್ತರಿಸಿ ಹೋಗಲಿ, ಹೆಂಗಸರ ಕನ್ನಡಕಗಳ ಮೇಲೆ ಸಿಡಿಯಲಿ. ಇನ್ನರ್ಧ ತನ್ನ ಕೆಲಸವನ್ನು ನೋಡುತ್ತಿತ್ತು. ಬಾನೆಟ್ಟು ಕೂದಲೆಳೆಯಷ್ಟೂ ಏಳಲಿಲ್ಲ. ಐದನೆಯ ಸುತ್ತು ಮುಗಿದ ಮೇಲೆ ಅವನು ಕಾರಿನ ಕಡೆಯೇ ನೋಡುತ್ತ, “ಹೊಟ್ಟಿ ತೊಗಲು ಹಾಕಿದ್ನಿ, ನಿಂಗ್ಯಾ,” ಎಂದ.

“ಗೊತ್ತೈತಿ ಮಾಂವಾ.”

“ಈಗ ಹೇಳಿದ್ದು ಕೇಳಿಸ್ತೇನು?”

“ಇಲ್ಲಿತನಾ ಎಲ್ಲಿ ಕೇಳಸ್ತೈತಿ. ನಿನ್ನೆ ಮುಂಜಾನಿ ಕಟ್ಟುವಾಗ ಕೈಗೆ ಗೊತ್ತಾತು. ನಾನೂ ಅದ ಓಣ್ಯಾಂವ ಅಲ್ಲೇನು.”

ಸಾಯಬಣ್ಣ ತಿರುಗಿ ನೋಡಿದ. ಊದಿದ ತುಟಿ, ಅರ್ಧ ಮುಚ್ಚಿದ ಕಣ್ಣು, ಸಿಡುಬಿನ ಕಲೆಗಳ ನಡುವೆ ಒಣಗಿದ ರಕ್ತ.

“ಮತ್ತ್ಯಾಕ ಬಾಯಿ ಬಿಡಲಿಲ್ಲೋ? ಅಷ್ಟ ಹೊಡೀವಾಗರ?”

“ಮುಂಜಾನಿ ಹೇಳಿದ್ರ ಅಯ್ಯನೋರು ನಿನ್ನ ಮಾರೀ ಮ್ಯಾಲ ಒಗೀತಿದ್ರು ಅದನ್ನ. ಹೊಡೀವಾಗ ಹೇಳಿದ್ರ ಆ ರಾಡು ನಿನ್ನ ಮ್ಯಾಲ ಬೀಳತಿತ್ತು.” ನಿಂಗಣ್ಣ ಪ್ಲಾಸ್ಟರಿನ ಕೈಯನ್ನು ಸರಿಮಾಡಿಕೊಂಡ. “ನೀ ಆವತ್ತ ಮನಿಗೆ ಬಂದು ಎಷ್ಟ ನಕ್ಕಿ ಮಾಂವಾ. ನಮ್ಮಕ್ಕನ್ನ ನಿನಗ ಕೊಟ್ಟು ಹದಿನೈದ ವರ್ಷ ಆತು, ನೀ ಹಂಗ ನಕ್ಕಿದ್ದು ನಾ ನೋಡಿದ್ದಿಲ್ಲ. ಯಾಕ ನಕ್ಕಿ ಅಂತ ಕಟ್ಟುವಾಗ ತಿಳೀತು. ಇರಲಿ ಬಿಡು ಅಂತ ಬಿಗಿದ ಕಟ್ಟಿದ್ನಿ. ಹತ್ತ ಸುತ್ತು ತಡದೀತು ಅಂತಿದ್ನಿ.”

ಕಾರುಗಳು ಒದರಿಕೊಂಡು ದಾಟಿದವು, ಕೆಲವು ಗಳಿಗೆ ಯಾವ ಮಾತೂ ಕೇಳುವಂತಿರಲಿಲ್ಲ. ಸದ್ದು ಆ ಕಡೆಯ ತಿರುವಿಗೆ ಹೋದ ಮೇಲೆ ನಿಂಗಣ್ಣ ಎಡಗೈಯನ್ನು ಕಿಸೆಗೆ ಹಾಕಿ ಒಂದು ಪೊಟ್ಟಣ ತೆಗೆದ. ಕಡಲೆಕಾಯಿ. ಮುಂಜಾನೆಯಿಂದ ಏನೂ ತಿಂದಿರಲಿಲ್ಲ, ಕೊಂಡಿದ್ದ, ಒಂದೇ ಕೈಯಲ್ಲಿ ಸುಲಿಯಲು ಬಂದಿರಲಿಲ್ಲ. “ಸುಲದ ಕೊಡು ಮಾಂವಾ,” ಎಂದ. ಸಾಯಬಣ್ಣ ಪೊಟ್ಟಣ ಇಸಿದುಕೊಂಡ. ಒಂದೊಂದೇ ಸುಲಿದು, ಮೇಲಿನ ಕೆಂಪು ಸಿಪ್ಪೆಯನ್ನೂ ಉಜ್ಜಿ ತೆಗೆದು, ಚಾಚಿದ ಆ ಎಡಗೈಯೊಳಗೆ ಇಡತೊಡಗಿದ. ಇನ್ನೂ ಹದಿಮೂರು ಸುತ್ತು ಬಾಕಿ ಇದ್ದವು. ಪೊಟ್ಟಣ ಖಾಲಿಯಾಗುವವರೆಗೂ ಅವನು ಒಂದು ಕಾಳನ್ನೂ ಬಾಯಿಗೆ ಹಾಕಲಿಲ್ಲ.